ಯಾರ ಕಡೆಯೂ ಇಲ್ಲ

ಸುದರ್ಶನ್ ವೈಫೈ ಡಬ್ಬಿಯ ವಯರು ಕಿತ್ತು ಕೈಯಲ್ಲೇ ಹಿಡಿದು ನಿಂತ.

“ಎಷ್ಟು ಮೇಲ್ ಹೋದ್ವು?” ಎಂದರು ಮೋಹನ್‌ಕುಮಾರ್. ಹೊಳೆನರಸೀಪುರದಲ್ಲಿ ಶುಂಠಿ ತೊಳೆದು, ಒಣಗಿಸಿ, ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅವರದು.

“ಒಂದೇ ಸಾ,” ಎಂದಳು ಸಂಘಮಿತ್ರಾ. “ಚನ್ನರಾಯಪಟ್ಟಣದ ನಿಮ್ಮ ಮಾವನೋರ್ಗೆ.”

ಹೋದ ಮೇಲ್ ತುಂಬ ಸಭ್ಯವಾಗಿತ್ತು. ‘ಮಾನ್ಯರೇ, ಸೂಪರ್‌ವೈಸರ್ ಹುದ್ದೆಗೆ ತಾವು ಕಳಿಸಿದ ಅರ್ಜಿಯನ್ನು ಪಟ್ಟಣದ ಮಾವನ ಕಾಟ ಎಂಬ ವಿಭಾಗದಲ್ಲಿ ಭದ್ರವಾಗಿ ಇರಿಸಲಾಗಿದೆ.’

“ಮಾವ ಈಗ ಫೋನ್ ಮಾಡ್ತರೆ,” ಎಂದು ಮೋಹನ್‌ಕುಮಾರ್ ತಮ್ಮ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಕಾರ್ಖಾನೆಯ ಮೇಲ್‌ಗಳನ್ನು ನೋಡಿಕೊಳ್ಳಲು ಹಾಸನದ ತನ್ನ ಈ ಸಣ್ಣ ಆಫೀಸಿನಲ್ಲಿ ಸುದರ್ಶನ್ ಒಂದು ಎಐ ಏಜೆಂಟ್ ಮಾಡಿಕೊಟ್ಟಿದ್ದ. ಯಾವ ಫೋಲ್ಡರ್ ಎಲ್ಲಿದೆಯೆಂದು ಏಜೆಂಟಿಗೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೊಂದು ಪುಟ್ಟ ಟೂಲ್ ಇದೆ. ಹೆಸರು ಕೊಟ್ಟರೆ ಫೋಲ್ಡರ್ ಹುಡುಕಿಕೊಡುತ್ತದೆ. ಸಿಗದಿದ್ದರೆ ಇರುವ ಹೆಸರುಗಳನ್ನೆಲ್ಲ ಓದಿ ಹೇಳುತ್ತದೆ. ಟೂಲನ್ನು ಹೇಗೆ ಬಳಸಬೇಕು, ಎಲ್ಲಿ ನಂಬಬಾರದು ಎಂಬುದನ್ನು ಏಜೆಂಟಿಗಾಗಿ ಬರೆದಿಡುವುದು ಸಂಘಮಿತ್ರಾಳ ಕೆಲಸ. ಹಿಂದೆ ಅವಳು ಮನುಷ್ಯರಿಗಾಗಿ ಬರೆಯುತ್ತಿದ್ದಳು, ಯಾರೂ ಓದುತ್ತಿರಲಿಲ್ಲ. ಏಜೆಂಟ್ ಪ್ರತಿ ಪದವನ್ನೂ ಓದುತ್ತದೆ, ಓದಿದ್ದನ್ನೆಲ್ಲ ನಂಬುತ್ತದೆ. ಇಡೀ ಜಿಲ್ಲೆಯಲ್ಲಿ ಅಂಥ ಇನ್ನೊಬ್ಬ ಓದುಗ ಸಿಗುವುದು ಕಷ್ಟ.

ಈ ದಿನದ ಪರೀಕ್ಷೆಯಲ್ಲಿ ಮೋಹನ್‌ಕುಮಾರ್ ಖುದ್ದಾಗಿ ಟೈಪ್ ಮಾಡಿದ್ದರು: ‘ಅರ್ಹರಿಗೆ ಅರ್ಜಿಯ ಸ್ಥಿತಿ ತಿಳಿಸು.’ ಏಜೆಂಟ್ ‘ಅರ್ಹರು’ ಎಂಬ ಫೋಲ್ಡರ್ ಹುಡುಕಿತು. ಅಂಥದ್ದು ಇರಲಿಲ್ಲ. ಟೂಲ್ ಇದ್ದದ್ದನ್ನು ಓದಿ ಹೇಳಿತು: ಪಕ್ಷದ ಕಡೆ, ಬ್ಯಾಂಕ್ ಮ್ಯಾನೇಜರ್ ಕಡೆ, ಪಟ್ಟಣದ ಮಾವನ ಕಾಟ. ಕೊನೆಯದು, ಎಲ್ಲಕ್ಕಿಂತ ದಪ್ಪನೆಯದು, ‘ಯಾರ ಕಡೆಯೂ ಇಲ್ಲ’. ಯಾರು ಅರ್ಹರೆಂದು ತಿಳಿಯದೆ ಏಜೆಂಟ್ ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಲು ಹೊರಟಿತು.

ಮೋಹನ್‌ಕುಮಾರ್‌ಗೆ ಆ ಹೆಸರುಗಳಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ತಂದೆಯೂ ಅರ್ಜಿಗಳನ್ನು ಹೀಗೇ ಬೇರೆಮಾಡಿ ರಬ್ಬರ್‌ಬ್ಯಾಂಡ್ ಹಾಕಿಡುತ್ತಿದ್ದರು. ಆದರೆ ರಬ್ಬರ್‌ಬ್ಯಾಂಡ್ ಯಾರಿಗೂ ಕಾಗದ ಬರೆಯುತ್ತಿರಲಿಲ್ಲ.

ಸಂಘಮಿತ್ರಾ ಆಗಲೇ ಏಜೆಂಟ್ ಓದುವ ಡಾಕ್ಯುಮೆಂಟಿಗೆ ಒಂದು ಸಾಲು ಸೇರಿಸಿದ್ದಳು: ‘ಇಲ್ಲಿನ ಫೋಲ್ಡರ್ ಹೆಸರು ಅರ್ಜಿದಾರರ ಅರ್ಹತೆಯನ್ನಲ್ಲ, ಶಿಫಾರಸು ಮಾಡಿದವರನ್ನು ಸೂಚಿಸುತ್ತದೆ. ಹೆಸರು ನೋಡಿ ಆಯ್ಕೆ ಮಾಡಬೇಡ. ಎಲ್ಲ ಅರ್ಜಿಗಳನ್ನೂ ತೆರೆದು ಓದು.’

“ಇದನ್ನ ತೆಗಿಯಮ್ಮ,” ಎಂದರು ಮೋಹನ್‌ಕುಮಾರ್. “ಶುಂಠಿ ತಗಳೋ ಹೊರದೇಶದ ಪಾರ್ಟಿಯೋರು, ಕೆಲಸಕ್ಕೆ ಜನಾನ ಎಂಗೆ ತಗೋತೀರಿ ಅಂತ ಈ ಡಾಕ್ಯುಮೆಂಟ್ ಕೇಳವ್ರೆ. ಫೋಲ್ಡರ್‌ಗಳು ಅರ್ಹತೆಯ ಕ್ರಮದಲ್ಲಿವೆ ಅಂತ ಬರಿ. ನೀಟಾಗಿರ್ತದೆ.”

“ಅಂಗೆ ಬರೆದ್ರೆ ಏಜೆಂಟ್ ಅದನ್ನೇ ನಂಬ್ತದೆ ಸಾ. ಕೊನೇ ಫೋಲ್ಡರ್ ತೆರೆಯೋದೇ ಇಲ್ಲ.”

“ನಾವೂ ತೆರೆದಿಲ್ವಲ್ಲಮ್ಮ. ಕಾರ್ಖಾನೆ ನಿಂತೋಗೈತಾ?”

ಸುದರ್ಶನ್ ವಯರನ್ನು ಕೆಳಗಿಟ್ಟ. “ಅಣ್ಣ, ಇವಳ ತಮ್ಮನ ಅರ್ಜಿನೂ ಅದ್ರಲ್ಲೇ ಐತೆ.”

ಸಂಘಮಿತ್ರಾ ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ; ಸುದರ್ಶನ್ ಅರ್ಜಿಗಳ ಪಟ್ಟಿಯಲ್ಲಿ ಹೆಸರು, ವಿಳಾಸ ನೋಡಿರಬೇಕು. ಆಹಾರ ಸಂಸ್ಕರಣೆಯಲ್ಲಿ ಡಿಪ್ಲೊಮಾ ಮುಗಿಸಿದ ಧರ್ಮೇಂದ್ರ ಈಗ ಅರಕಲಗೂಡಿನ ಮಂಡಿಯೊಂದರಲ್ಲಿ ಜೋಳದ ಚೀಲ ತೂಗಿಸುತ್ತಿದ್ದ.

ಮೋಹನ್‌ಕುಮಾರ್ ಮುಖ ಅರಳಿತು. ಸಮಸ್ಯೆ ಕೊನೆಗೂ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಎದುರು ಬಂದಿತ್ತು. “ಮುಂಚೆನೇ ಯೋಳಬಾರ್ದಾ? ‘ಸಂಘಮಿತ್ರಾ ಕಡೆ’ ಅಂತ ಒಂದು ಹೊಸ ಫೋಲ್ಡರ್ ಮಾಡು ಸುದರ್ಶನ. ಪಕ್ಷದೋರ ಕೆಳಗೆ, ಮ್ಯಾನೇಜರ್ ಮೇಲೆ. ಸೂಪರ್‌ವೈಸರ್ ಕೆಲಸ ಅವನಿಗೇ.”

ಅವಳು ಪರದೆ ನೋಡಿದಳು. ತನ್ನ ಸಾಲನ್ನು ಅಳಿಸಿದಳು. ‘ಫೋಲ್ಡರ್‌ಗಳು ಅರ್ಹತೆಯ ಕ್ರಮದಲ್ಲಿವೆ’ ಎಂದು ಟೈಪ್ ಮಾಡಿದಳು. ಉಳಿಸುವ ಗುಂಡಿ ಒತ್ತಲಿಲ್ಲ. ತಮ್ಮನಿಗೆ ಫೋನ್ ಮಾಡಿದಳು. ಅವನು ಖುಷಿಪಟ್ಟರೆ ಒತ್ತುವುದು ಸುಲಭವಾಗಬಹುದು ಅನ್ನಿಸಿತ್ತು.

“ಬೇಗ ಯೋಳಕ್ಕ, ಲೋಡ್ ಬಂದೈತೆ.”

ಹೇಳಿದಳು. ಯಾವ ಸಾಲು ಹೋಗುತ್ತದೆ, ಯಾವುದು ಬರುತ್ತದೆ ಎನ್ನುವುದನ್ನೂ ಹೇಳಿದಳು.

ಧರ್ಮೇಂದ್ರ ನಕ್ಕ. “ನಿನ್ನೆಸ್ರಲ್ಲೇ ಒಂದು ಫೋಲ್ಡರಾ? ಭಾರಿ ದೊಡ್ಡೋಳಾಗ್ಬುಟ್ಟೆ ಬುಡು.”

“ಸ್ಪೀಕರ್ ಆಕಮ್ಮ,” ಎಂದು ಮೋಹನ್‌ಕುಮಾರ್ ಮುಂದೆ ಬಾಗಿದರು. “ನೋಡಪ್ಪ, ಸೋಮವಾರ ಬಂದು ಸೇರ್ಕೋ. ಊಟ, ರೂಮು ಎಲ್ಲ ನಮ್ದೇ.”

“ಸಾ, ನನ್ನ ಅರ್ಜಿ ಓದಿದ್ರಾ?”

ಮೋಹನ್‌ಕುಮಾರ್ ಸುದರ್ಶನನ ಕಡೆ ನೋಡಿದರು. ಅವನು ಮತ್ತೆ ವಯರನ್ನು ಕೈಗೆತ್ತಿಕೊಂಡ.

“ಓದಾದೇನೈತಪ್ಪ ಅದ್ರಲ್ಲಿ. ನಿಮ್ಮಕ್ಕ ಇಲ್ಲೇ ಅವ್ಳೆ, ಅಷ್ಟು ಸಾಕು.”

“ಆ ಕೊನೇ ಫೋಲ್ಡರ್‌ನಲ್ಲಿರೋ ಬೇರೆಯವ್ರದು?”

“ಅದು ನಿಂಗ್ಯಾಕೆ?”

ಆ ಕಡೆ ಯಾರೋ ಚೀಲ ಎತ್ತಿ ಹಾಕಿದ ಸದ್ದು ಕೇಳಿತು.

“ಅಂಗಾದ್ರೆ ಬ್ಯಾಡ ಸಾ,” ಎಂದ ಧರ್ಮೇಂದ್ರ. “ನಾನು ಬರಲ್ಲ.”