ಆರನೇ ಕಟ್ಟೆಯನ್ನು ದಾಟಬೇಡಿ

1

ಎಲ್ಲಿಂದ ಶುರು ಮಾಡಲಿ? ಕೆರೆಯ ಮೇಲೆ ಮಂಜು ಕವಿದಿತ್ತು ಅಂತ ಒಂದು ಸಾಲು ಬರೆದೆ, ಹೊಡೆದುಹಾಕಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಕೆರೆ ಅಂದಮೇಲೆ ಮಂಜು ಇದ್ದೇ ಇರುತ್ತದೆ, ಅದನ್ನು ಹೇಳಲು ಕಥೆಗಾರ ಬೇಕಿಲ್ಲ. ಸೀಟಿ ಊದಿದರು, ಗಾಳಗಳು ನೀರಿಗೆ ಬಿದ್ದವು ಅಂತ ಬರೆದೆ. ಅದು ಪತ್ರಿಕೆಯ ಕೊನೇ ಪುಟದ ವರದಿಯಾಯಿತು. ಹೋಗಲಿ, ಹೀಗೆ ಶುರು ಮಾಡುತ್ತೇನೆ: ಲೊರೇನ್ ಪೆಕೋವರ್ ಆರನೇ ಕಟ್ಟೆಯ ಮೇಲೆ ಕೂತಿದ್ದಾಳೆ.

(ಕಟ್ಟೆ ಅಂದರೆ ನೀರಿನಂಚಿಗೆ ಹಾಕಿದ ಮರದ ಹಲಗೆ. ಕೆರೆಯ ಸುತ್ತ ಅವುಗಳಿಗೆ ನಂಬರ್ ಇದೆ. ನನ್ನ ಕಥೆಯ ಭಾಗಗಳಿಗೂ ಅದೇ ನಂಬರ್ ಹಾಕುತ್ತಿದ್ದೇನೆ. ಮೀನು ಹಿಡಿಯುವ ಸ್ಪರ್ಧೆ ಮುಗಿದಾಗ ತೂಗುವ ತಕ್ಕಡಿ ಒಂದನೇ ಕಟ್ಟೆಯಿಂದ ಸಾಲಾಗಿ ಬರುತ್ತದೆ, ನಾನೂ ಹಾಗೇ ಬರುತ್ತೇನೆ. ಬೇರೆ ತಂತ್ರ ಹೊಳೆಯಲಿಲ್ಲ, ಕ್ಷಮಿಸಿ.)

2

ಮೊದಲ ಕರಡಿನಲ್ಲಿ ಲೊರೇನಳನ್ನು ವಿಧವೆ ಮಾಡಿದ್ದೆ. ಗಂಡನ ನೆನಪಿಗೆ ಗಾಳ ಹಾಕುವ ಹೆಂಗಸು, ಓದುಗರ ಕಣ್ಣು ಒದ್ದೆಯಾಗುತ್ತದೆ ಅಂತ ಲೆಕ್ಕ. ಅವಳು ಹುಳುವಿನ ಡಬ್ಬಿ ಮುಚ್ಚಿ ನನ್ನ ಕಡೆ ತಿರುಗಿದಳು.

"ಟೆರೆನ್ಸ್ ಮನೇಲಿ ಸೋಫಾ ಮೇಲೆ ಬಿದ್ಕೊಂಡು ಟೀವಿ ನೋಡ್ತಿದಾನೆ. ಆ ಪಾಪದ ಪ್ರಾಣೀನ ಯಾಕೆ ಸಾಯಿಸ್ತೀಯ, ಮರಿ?"

"ಕಥೆ ಸ್ವಲ್ಪ ಮನಸ್ಸಿಗೆ ತಟ್ಟಲಿ ಅಂತ."

"ನನ್ನ ಎಡಗೈ ನೋಡು. ಸಾಲ್ದಾ?"

ಸಾಕು. ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ನಾಲಿಗೆ ಪೂರ್ತಿ ವಾಪಸ್ಸು ಬಂತು (ಬೇಕಾದ್ದಕ್ಕಿಂತ ಜಾಸ್ತಿಯೇ ಬಂತು), ಎಡಗೈ ಬರಲಿಲ್ಲ. ಮುಷ್ಟಿ ಕಟ್ಟಲಾಗುವುದಿಲ್ಲ. ಮೊದಲು ಬಸ್ಸಿನುದ್ದದ ಗಾಳದ ಕೋಲನ್ನು ಕೆರೆಯ ನಡುವಿಗೆ ಚಾಚಿ ದಪ್ಪ ಕಾರ್ಪ್ ಮೀನುಗಳನ್ನು ಎಳೆಯುತ್ತಿದ್ದವಳು. ಈಗ ಗಿಡ್ಡ ಕೋಲು, ದಡದ ಜೊಂಡಿನ ಪಕ್ಕ, ಅಂಗೈಯುದ್ದದ ರೋಚ್ ಮೀನುಗಳು. ಕಾಯಿಲೆಯಾದ ಮೇಲೆ ಇದೇ ಮೊದಲ ಸ್ಪರ್ಧೆ. ಐದನೇ ಕಟ್ಟೆಯ ಕ್ಲೈವ್ ಸ್ಟಬಿಂಗ್ಸ್‌ಗೆ ಬೆಳಗ್ಗೆಯೇ ಹೇಳಿಬಿಟ್ಟಿದ್ದಾಳೆ: "ಇವತ್ತು ನನ್ನ ಮೀನು ತಕ್ಕಡಿ ಏರ್ಲಿಲ್ಲ ಅಂದ್ರೆ ಮುಗೀತು ಕಣೋ. ಆ ಉದ್ದದ ಕೋಲು ನೀನೇ ತಗೊಂಡ್ಹೋಗು. ನಾನಿನ್ನು ಈ ಕಡೆ ತಲೆ ಹಾಕಲ್ಲ."

ಕ್ಲೈವ್‌ಗೆ ಆ ಕೋಲಿನ ಮೇಲೆ ಬಹಳ ಕಾಲದಿಂದ ಕಣ್ಣಿದೆ. ಆದರೂ ಅವನು ಬೇಕನ್ ರೋಲ್ ತಿನ್ನುತ್ತಲೇ ಇದ್ದ.

3

ನಮ್ಮ ಗಾಳದ ಕ್ಲಬ್ಬಿನವರ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಿಡಿದ ಮೀನನ್ನೆಲ್ಲ ನೀರಿನಲ್ಲೇ ಇಳಿಬಿಟ್ಟ ಬಲೆಚೀಲದಲ್ಲಿ ಇಟ್ಟುಕೊಳ್ಳುತ್ತೇವೆ. ಕೊನೆಯಲ್ಲಿ ತೂಗಿ ಕೆರೆಗೇ ಬಿಡುತ್ತೇವೆ. ಆದರೆ ಚೀಲ ಹಗುರವಿದ್ದವರು ತಕ್ಕಡಿ ಬರುವ ಮೊದಲೇ ಮೆಲ್ಲಗೆ ಚೀಲ ಎತ್ತಿ ಮೀನು ಬಿಟ್ಟುಬಿಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಕ್ಲಬ್ಬಿನ ಫಲಿತಾಂಶದ ಹಲಗೆಯ ಮೇಲೆ ಅವರ ಹೆಸರಿನ ಮುಂದೆ ತೂಕದ ಬದಲು ಒಂದು ಅಡ್ಡಗೆರೆ, ಅಷ್ಟೇ. ಮರ್ಯಾದಸ್ಥರ ನಾಡು ನಮ್ಮದು. ಮೀನು ಕಡಿಮೆಯಾದರೆ ಹವಾಮಾನದ ಬಗ್ಗೆ ಮಾತಾಡುತ್ತೇವೆ.

4

"ಏನೇ ಅದು, ಮೀನಾ ಹುಳಾನಾ?" ಅಂದ ಕ್ಲೈವ್.

"ಏನೋ ಒಂದು. ನಿನ್ನ ಗಾಳದ ಬೆಂಡು ಬೆಳಗ್ಗೆಯಿಂದ ಧ್ಯಾನ ಮಾಡ್ತಿದೆಯಲ್ಲ, ಅದನ್ನ ನೋಡ್ಕೋ ಮೊದ್ಲು."

ಹಿಡಿಯುವುದು ಅವಳಿಗೆ ಕಷ್ಟವಾಗಲಿಲ್ಲ. ಗಾಳ ಬಿಡಿಸುವುದೇ ಕಷ್ಟ. ಮೊದಲ ಕೆಲವು ಮೀನುಗಳು ಕೈಜಾರಿ ನೀರಿಗೆ ಬಿದ್ದವು. ಬೈದಳು (ಬೈಗುಳ ಬರೆಯುವುದಿಲ್ಲ). ಆಮೇಲೆ ಎಡಗೈಯನ್ನು ತೊಡೆಯ ಮೇಲೆ ತಟ್ಟೆಯಂತೆ ಅಂಗಾತ ಇಟ್ಟು, ಒದ್ದೆ ಬಟ್ಟೆ ಹಾಸಿ, ಮೀನನ್ನು ಅಲ್ಲಿ ಮಲಗಿಸಿ ಬಲಗೈಯಿಂದ ಗಾಳ ತೆಗೆದಳು. ಮೀನು ಚೀಲ ಸೇರಿತು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕೈಗೆ ಲಯ ಸಿಕ್ಕಿತು. ಅವಳು ಸಣ್ಣಗೆ ಸಿಳ್ಳೆ ಹಾಕುವುದು ನನಗೆ ಕೇಳಿಸಿತು, ಬಹಳ ಖುಷಿಯಾಯಿತು.

ಈಗ ಒಂದು ದೈತ್ಯ ಕಾರ್ಪ್ ತಂದು ಸಿಕ್ಕಿಸಲೇ ಅಂತ ಕೇಳಿದೆ.

"ಈ ಕೋಲು ಲಟಕ್ ಅನ್ನತ್ತೆ. ನೀನು ಹೊಸದು ಕೊಡಿಸ್ತೀಯಾ? ಸುಮ್ನೆ ಕೂತ್ಕೋ."

5

ಸ್ಪರ್ಧೆ ಮುಗಿದ ಸೀಟಿ ಊದಿದರು. ತಕ್ಕಡಿ ಹಿಡಿದು ಮುಂದೆ ವಾಲ್ಟರ್ ಗ್ರೀವ್ಸನ್, ಕ್ಲಬ್ಬಿನ ಕಾರ್ಯದರ್ಶಿ, ನೊಣಕ್ಕೂ ನೋವು ಮಾಡದ ಮನುಷ್ಯ. ಹಿಂದೆ ತೂಕ ಬರೆದುಕೊಳ್ಳಲು ನಾನು. ಕ್ಲೈವ್‌ಗೆ ಕೊನೇ ಗಳಿಗೆಯಲ್ಲಿ ಎರಡು ಕಾರ್ಪ್ ಸಿಕ್ಕಿದ್ದವು. ಹದಿನೇಳು ಪೌಂಡ್. "ಧ್ಯಾನದ ಫಲ," ಅಂದ.

7

ಏಳನೇ ಕಟ್ಟೆಯವನು ಚೀಲ ಎತ್ತುತ್ತಿದ್ದ, ಬಲೆ ಕೊಕ್ಕೆಗೆ ಸಿಕ್ಕಿಕೊಂಡು...

"ಏಯ್! ಆರು ಎಲ್ಲಿ ಹೋಯ್ತು?"

ವಾಲ್ಟರ್ ನಿಂತ. ನಾನೂ ನಿಂತೆ. ಹಿಂದೆ ಲೊರೇನ್ ಎದ್ದು ನಿಂತಿದ್ದಳು.

"ಅದು... ನೀನು ಆಗ್ಲೇ ಮೀನು ಬಿಟ್ಟಿರ್ತೀಯ ಅಂದ್ಕೊಂಡೆ, ಲೊರೇನ್," ಅಂದ ವಾಲ್ಟರ್. ಅವನ ಕಿವಿ ಕೆಂಪಾಗಿತ್ತು. "ಕೇಳಿದ್ರೆ ನಿನಗೆ ಮುಜುಗರ ಆಗತ್ತೇನೋ ಅಂತ..."

"ನನಗಾ, ನಿನಗಾ? ಆಸ್ಪತ್ರೆಯಿಂದ ಬಂದಾಗಿಂದ ಹೀಗೇ ಮಾಡ್ತಿದೀರಿ ಎಲ್ರೂ. ಅಂಗಡಿ ಮುಂದೆ ಸಿಕ್ರೆ ರಸ್ತೆ ದಾಟಿ ಆ ಕಡೆ ಹೋಗ್ತೀರಿ. ನಾನು ಸತ್ತಿಲ್ಲ ವಾಲ್ಟ್. ಬಾ, ತೂಗು!" ಆಮೇಲೆ ನನ್ನ ಕಡೆ ಬೆರಳು ತಿರುಗಿತು. "ಮತ್ತೆ ನೀನು! ಐದಾದ್ಮೇಲೆ ಏಳು ಅಂತ ಬರ್ದೇಬಿಟ್ಟೆಯಲ್ಲ. ಅವನಿಗೆ ಬುದ್ಧಿ ಇಲ್ಲ, ನಿನಗೂ ಇಲ್ವಾ?"

ಓದುಗರೇ, ನೀವು ಗಮನಿಸಿದಿರೋ ಇಲ್ಲವೋ. ನಾನಂತೂ ಗಮನಿಸಿರಲಿಲ್ಲ. ಏಳನ್ನು ಅರ್ಧಕ್ಕೇ ಬಿಟ್ಟು ವಾಪಸ್ಸು ಹೋಗುತ್ತಿದ್ದೇನೆ.

6

ಚೀಲ ಎತ್ತಲು ವಾಲ್ಟರ್ ಬಗ್ಗಿದ. ಅವಳು ಬಿಡಲಿಲ್ಲ. ಎಡ ಮೊಣಕೈಗೆ ಬಲೆಚೀಲದ ಬಾಯಿಯ ಬಳೆ ಸಿಕ್ಕಿಸಿ, ಬಲಗೈಯಲ್ಲಿ ಎಳೆದು, ತಾನೇ ಮೀನು ಸುರಿದಳು. ಬೆಳ್ಳಗಿನ ಸಣ್ಣ ಮೀನುಗಳು ತಕ್ಕಡಿಯ ಜೋಳಿಗೆಯಲ್ಲಿ ಪಟಪಟ ಹಾರಿದವು.

ನನ್ನ ಹತ್ತಿರ ಮೂರು ಮುಕ್ತಾಯಗಳಿದ್ದವು. ಅವಳ ಮುಂದಿಟ್ಟೆ.

"ಒಂದು: ನೀನೇ ಗೆದ್ದೆ."

"ರೋಚ್ ಹಿಡ್ದು ಕಾರ್ಪ್ ಕೆರೇಲಿ? ಕ್ಲಬ್ಬಲ್ಲಿ ಹೇಳಿ ನೋಡು, ನಕ್ಕು ನಕ್ಕು ಎಲ್ರಿಗೂ ಟೀ ಮೂಗಿಗೆ ಹತ್ತತ್ತೆ."

"ಎರಡು: ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು."

"ತಟ್ಟಿದವನನ್ನ ಕೆರೆಗೆ ನೂಕ್ತೀನಿ."

ಮೂರನೆಯದನ್ನು ನಾನು ಹೇಳಬೇಕಾಗಲಿಲ್ಲ. ಅವಳೇ ಹೇಳಿದಳು.

"ಕಡೇ ಸ್ಥಾನ, ಅಲ್ವಾ? ಇರಬಹುದು. ಬರ್ಕೋ. ನನ್ನ ಹೆಸರಿನ ಮುಂದೆ ಒಂದು ಅಂಕಿ ಬೇಕು ನನಗೆ. ಎಷ್ಟಾದ್ರೂ ಆಗ್ಲಿ."

ಕ್ಲೈವ್ ಪಕ್ಕದ ಕಟ್ಟೆಯಿಂದ ಕೂಗಿದ: "ಹಂಗಾದ್ರೆ ಆ ಕೋಲು?"

"ಅದರ ಹತ್ತಿರ ಸುಳಿದ್ರೆ ನೋಡು!" ಅಂದಳು. ಕ್ಲೈವ್ ನಕ್ಕ. ಕೋಲು ಕೈತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವನನ್ನು ನಾನು ಬೇರೆ ಕಂಡಿಲ್ಲ.

ವಾಲ್ಟರ್ ಕನ್ನಡಕ ಏರಿಸಿಕೊಂಡು ತಕ್ಕಡಿಯ ಮುಳ್ಳಿಗೆ ಕಣ್ಣು ಹಚ್ಚಿದ. ನಾನು ಪೆನ್ನು ತೆರೆದೆ. ಒಂದು ಅಂಕಿ ಬರೆದು, ಕೆಳಗೆ ಮುಗಿಯಿತು ಅಂತ ಗೆರೆ ಎಳೆದರೆ ನನ್ನ ಕೆಲಸವೂ ಆಯಿತು.

"ಎಷ್ಟಂತ ಬರೀಲಿ?" ಅಂದೆ.

"ಅವಸರ ಏನು?" ಅಂದಳು ಲೊರೇನ್. "ಮೀನು ಇನ್ನೂ ಕುಣೀತಿವೆ, ಮುಳ್ಳು ನಿಂತಿಲ್ಲ. ಕಾಯಿ."

ಕಾಯುತ್ತಿದ್ದೇನೆ.