ಆರು ತಂತಿಯ ಕಿನ್ನರಿ

ನ್ಯಾಯಾಧಿಕಾರಿಯ ಮೇಜಿನಿಂದ ಆ ತಾಮ್ರದ ಕಾಸನ್ನು ಎತ್ತಿ ಬೆಳಕಿಗೆ ಹಿಡಿದು ಉಗುರಿನಿಂದ ಸವರಿದ ಕೂಡಲೇ ಅದು ಯಾರ ಕೈಕೆಲಸವೆಂದು ಸೈಲಸ್‌ಗೆ ತಿಳಿದುಹೋಯಿತು. ಫಾರ್ದಿಂಗ್ ಎಂದರೆ ಉಗುರಿನಗಲದ ಕಾಸು, ಜೋರಾಗಿ ಸೀನಿದರೆ ಹಾರಿಹೋದೀತು. ಅಷ್ಟು ಜಾಗದಲ್ಲೇ ಒಂದು ಬದಿಗೆ ಕಿರೀಟ, ಇನ್ನೊಂದು ಬದಿಗೆ ಕಿನ್ನರಿ. ಈ ಕಿನ್ನರಿಗೆ ಆರು ತಂತಿ, ಆರೂ ಬಿಡಿಬಿಡಿ. ಇಡೀ ಲಂಡನ್ನಿನಲ್ಲಿ ಹಾಗೆ ಕೆತ್ತಬಲ್ಲವನು ಅವನ ಗುರು ಗಿಡಿಯನ್ ಒಬ್ಬನೇ ಇದ್ದ. ಅವನು ಸತ್ತು ಒಂಬತ್ತು ವರ್ಷ. ಆ ಕೈ ಬಂದದ್ದು ಮಗಳು ಟಾಮಸಿನ್‌ಗೆ.

ಅವಳೇ ಈಗ ಕಟಕಟೆಯಲ್ಲಿ ನಿಂತಿದ್ದಳು.

ಫಾರ್ದಿಂಗ್ ಹೊಡೆಯುವ ಹಕ್ಕನ್ನು ರಾಜರು ಒಬ್ಬ ಪ್ರಭುವಿಗೆ ಬರೆದುಕೊಟ್ಟಿದ್ದರು. ಪ್ರಭುವಿನ ಟಂಕಸಾಲೆಗೆ ಅಚ್ಚು ಕೆತ್ತುವವನು ಸೈಲಸ್ ಒಬ್ಬನೇ. ಬೇರೆ ಯಾರು ಹೊಡೆದರೂ ಚಾವಟಿಯಲ್ಲಿ ಬೆನ್ನು ಸುಲಿದು, ಕಿವಿಯನ್ನು ಸಂತೆಯ ಕಂಬಕ್ಕೆ ಮೊಳೆ ಜಡಿದು ನಿಲ್ಲಿಸುತ್ತಿದ್ದರು. ಟಾಮಸಿನ್ ಮನೆಯಲ್ಲಿ ಚೀಲ ತುಂಬ ಕಾಸು ಸಿಕ್ಕಿತ್ತು, ಅಚ್ಚು ಸಿಕ್ಕಿರಲಿಲ್ಲ. ಟಂಕಸಾಲೆಯಲ್ಲೇ ಕೊಂಡದ್ದೆಂದು ಅವಳು ಪಟ್ಟು ಹಿಡಿದಿದ್ದಳು. ಹಾಗಾಗಿ ಅವಳ ಬೆನ್ನು, ಕಿವಿ ಎರಡೂ ಸೈಲಸನ ಒಂದು ಮಾತಿನ ಮೇಲೆ ನಿಂತಿದ್ದವು.

ಇಬ್ಬರೂ ಒಂದೇ ಬೆಂಚಿನಲ್ಲಿ ಕಲಿತವರು. "ಉಳಿ ಅವಳ ಕೈಲಿ ಬರೆಯುತ್ತೆ, ನಿನ್ನ ಕೈಲಿ ಉಳುತ್ತೆ ಕಣೋ" ಎಂದು ಗುರು ಕಿಚಾಯಿಸುತ್ತಿದ್ದ. ಆದರೆ ಗುರು ಸತ್ತಾಗ ಟಂಕಸಾಲೆಯ ಕೆಲಸ ಬಂದದ್ದು ಉಳುವವನಿಗೆ. ಹೆಂಗಸಿಗೆ ಕಸುಬಿನವರ ಸಂಘದಲ್ಲಿ ಜಾಗವಿರಲಿಲ್ಲ. ಆವತ್ತು ಸೈಲಸ್‌ಗೆ ನಾಚಿಕೆಯಾಗಿತ್ತು, ಆದರೂ ಕೆಲಸ ಬೇಡವೆಂದಿರಲಿಲ್ಲ.

"ಏನಯ್ಯಾ, ಇದು ನಿನ್ನ ಅಚ್ಚಿಂದೇನಾ?" ಎಂದು ನ್ಯಾಯಾಧಿಕಾರಿ ಕೇಳಿದ.

ಸೈಲಸ್ ಬೈಬಲ್ ಮೇಲೆ ಕೈಯಿಟ್ಟ. "ಹೌದು ಸ್ವಾಮಿ, ನಂದೇ."

ಪ್ರಭುವಿನ ಗುಮಾಸ್ತ ನಕ್ಕುಬಿಟ್ಟ. "ನಿನಗೆ ಇಷ್ಟು ಚೆನ್ನಾಗಿ ಕೆತ್ತೋಕೆ ಯಾವಾಗಿನಿಂದ ಬಂತೋ ಮಾರಾಯ?"

ನ್ಯಾಯಾಧಿಕಾರಿ ತನ್ನ ಜೇಬು ತಡಕಿ ಇನ್ನೊಂದು ಫಾರ್ದಿಂಗ್ ತೆಗೆದು ಪಕ್ಕದಲ್ಲಿಟ್ಟ. ಅದು ಖಂಡಿತ ಸೈಲಸನದೇ. ಐದೇ ತಂತಿ, ಅದರಲ್ಲಿ ಎರಡು ಅಂಟಿಕೊಂಡಿದ್ದವು. ಕಿರೀಟ ಕುಡುಕನ ಟೋಪಿಯಂತೆ ವಾಲಿತ್ತು. ಕಣ್ಣು ಮಂಜಾದ ಮೇಲೆ ಕೆತ್ತಿದ್ದು.

"ಇವೆರಡೂ ಒಂದೇ ಕೈಯಿಂದ ಬಂದದ್ದಲ್ಲ. ಒಂದು ಖೋಟಾ. ಯಾವುದು ಹೇಳು."

ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನಿಗಿದ್ದ ಹೆಮ್ಮೆ ಅದೊಂದೇ: ಸೊಟ್ಟಗಾದರೂ ತನ್ನದು ಅಸಲಿ. ಅವನು ಟಾಮಸಿನ್ ಕಡೆ ನೋಡಲಿಲ್ಲ. ಸೊಟ್ಟ ಕಿರೀಟದ ಮೇಲೆ ಬೆರಳಿಟ್ಟ.

"ಇದು ಸ್ವಾಮಿ."

"ನಾನೂ ಅದನ್ನೇ ಅಂದ್ಕೊಂಡೆ! ಕುರುಡನೂ ಹೇಳಬಹುದು. ಕಳ್ಳನನ್ಮಗ, ಕಿನ್ನರಿ ಕೆತ್ತಿದಾನೋ, ಬಾಚಣಿಗೆ ಕೆತ್ತಿದಾನೋ!" ಎಂದ ನ್ಯಾಯಾಧಿಕಾರಿ. ಕೋಣೆಯೆಲ್ಲ ನಕ್ಕಿತು. ಆ ಬಾಚಣಿಗೆಯನ್ನು ಪ್ರಭುವಿನದೆನ್ನಲು ನಾಚಿ ಗುಮಾಸ್ತನೂ ನಕ್ಕ. ಸೈಲಸನೂ ನಗಬೇಕಾಯಿತು. ಅದು ಚಾವಟಿಗಿಂತ ಕಡಿಮೆ ನೋವಲ್ಲವೆಂದು ಅವನಿಗನಿಸಿತು.

ಟಾಮಸಿನ್‌ಳನ್ನು ಬಿಟ್ಟುಬಿಟ್ಟರು. ಬೀದಿಯಲ್ಲಿ ಅವಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಅವಳು ಅಳುತ್ತಿರಬೇಕೆಂದು ಸೈಲಸ್ ಅಂದುಕೊಂಡ. ತಿರುಗಿದಾಗ ಕಣ್ಣಲ್ಲಿದ್ದದ್ದು ಸಿಟ್ಟು.

"ಬೆನ್ನು ಉಳಿಸಿದೆ, ಇಲ್ಲ ಅನ್ನಲ್ಲ. ದೇವರು ನಿನ್ನ ಚೆನ್ನಾಗಿಟ್ಟಿರಲಿ."

"ಮತ್ತೆ ಯಾಕೆ ಹಾಗೆ ನೋಡ್ತೀಯ? ಮಾನ ಹೋಗಿದ್ದು ನಂದು ಕಣೆ. ನನ್ನ ಕೆಲಸವನ್ನ ನಾನೇ ಖೋಟಾ ಅಂದೆ."

"ನಾಳೆ ಹೊತ್ತಿಗೆ ಊರೆಲ್ಲ ಅನ್ನುತ್ತೆ, ಆರು ತಂತಿ ಕೆತ್ತಿದ್ದು ಸೈಲಸ್ ಅಂತ."

"ಅಚ್ಚು ಇನ್ಮೇಲೆ ನೀನೇ ಕೆತ್ತು ಟಾಮಸಿನ್," ಎಂದು ಮೆಲ್ಲಗೆ ಹೇಳಿದ. "ನನ್ನ ಕಣ್ಣು ಹೋಯ್ತು. ಹಣ ಪೂರಾ ನಿಂಗೇ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗಲ್ಲ!" ಎಂದು ಅವಳು ನಕ್ಕಳು. "ಅಪ್ಪ ಹೋದ್ಮೇಲೆ ನನ್ನ ಕೈ ಗುರುತು ಹಿಡಿಯೋನು ಈ ಊರಲ್ಲಿ ಒಬ್ಬನೇ ಇದ್ದ. ಇವತ್ತು ಅವನೂ ಬೈಬಲ್ ಮುಟ್ಟಿ, ಅದು ಟಾಮಸಿನ್ ಕೈ ಅಲ್ಲ ಅಂದ."