ಭೋಜನಕ್ಕೆ ಮುಂಚೆ ಎದ್ದು ಹೋಗುವವನು

ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ ಮೇಲೆ ಚರ್ಚಿನ ಸಭೆಯವರೆಲ್ಲ ಅವಳನ್ನು ಬ್ರೆಡ್ಡಕ್ಕ ಎಂದೇ ಕರೆಯತೊಡಗಿದರು. ಮನೆಯಲ್ಲಿಟ್ಟ ಹೆಸರು ಅವಳ ತಾಯಿಯ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಸಿಟ್ಟು ಬಂದಾಗ. ತಿಂಗಳಿಗೊಮ್ಮೆ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿ ತಿನ್ನುವ ಕರ್ತನ ಭೋಜನದ ಭಾನುವಾರ ಬಂದರೆ ರೊಟ್ಟಿ ಅವಳದೇ. ಓವನ್ನಿನಿಂದ ಆಗತಾನೇ ತೆಗೆದ ದುಂಡನೆಯ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು ತರುತ್ತಿದ್ದಳು. ಪಾಸ್ಟರ್ ಮುರಿಯುವಾಗ ಅದು ಇನ್ನೂ ಬೆಚ್ಚಗಿರುತ್ತಿತ್ತು.

ಅವಳಿಗೊಬ್ಬ ತಮ್ಮನಿದ್ದ. ಅಪ್ಪ ಇಲ್ಲದ ಮನೆ, ತಾಯಿ ದುಡಿಯಲು ಹೋಗುತ್ತಿದ್ದಳು, ಹೀಗಾಗಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಒಂದು ಸಂಜೆ ಅವನು ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಸಾಮಾನು ಸಾಗಿಸುವ ವ್ಯಾನಿನ ಚಾಲಕನೊಬ್ಬ ಸ್ಟಿಯರಿಂಗ್ ಹಿಡಿದೇ ತೂಕಡಿಸಿ ಗುದ್ದಿಬಿಟ್ಟ. ತಮ್ಮ ಆಸ್ಪತ್ರೆ ಮುಟ್ಟಲಿಲ್ಲ. ಚಾಲಕ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ತಾಯಿ ಅಂದಿನಿಂದ ಸಭೆಯ ಕಡೆ ತಲೆ ಹಾಕಲಿಲ್ಲ. ಬ್ರೆಡ್ಡಕ್ಕ ಮಾತ್ರ ಬಿಡಲಿಲ್ಲ. ದೇವರ ಜೊತೆ ಜಗಳ ಆಡಬೇಕೆಂದರೂ ಅವನ ಮನೆಗೇ ಹೋಗಬೇಕಲ್ಲ ಎನ್ನುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಪಾಸ್ಟರ್ ಒಂದು ದಿನ ಬೇಕರಿಯ ಹಿಂಬಾಗಿಲಿಗೆ ಬಂದು ನಿಂತರು. ಆ ಚಾಲಕ ಬಿಡುಗಡೆಯಾಗಿದ್ದಾನೆ, ಜೈಲಿನಲ್ಲೇ ಯೇಸುವನ್ನು ನಂಬಿದ್ದಾನೆ, ಆರಾಧನೆಗೆ ಬರಲೇ ಎಂದು ಕೇಳುತ್ತಿದ್ದಾನೆ ಎಂದರು. ನೀನು ಬೇಡವೆಂದರೆ ಬೇರೆ ಊರಿನ ಸಭೆಗೆ ಕಳಿಸುತ್ತೇನೆ ಎಂದೂ ಸೇರಿಸಿದರು. ಅವಳು ಹಿಟ್ಟಿನ ಮೇಲಿನ ಕೈ ತೆಗೆಯಲಿಲ್ಲ.

"ಬಾಗಿಲು ನಂದಲ್ವಲ್ಲ ಪಾಸ್ಟರ್. ಬರಲಿ ಬಿಡಿ," ಎಂದಳು.

ಹೇಳುವುದು ಸುಲಭವಿತ್ತು. ಆ ಭಾನುವಾರ ಕಡೆಯ ಬೆಂಚಿನಲ್ಲಿ ನರೆತ ಕೂದಲಿನ, ತೊಳೆದು ತೊಳೆದು ಬಣ್ಣಗೆಟ್ಟ ಅಂಗಿಯ ಆ ಚಾಲಕ ಕುಳಿತಿದ್ದನ್ನು ಕಂಡಾಗ ಅವಳು ಮುಖ ತಿರುಗಿಸಿಕೊಂಡಳು. ತಾನು ನಾದಿದ ರೊಟ್ಟಿ ಆ ಬಾಯಿಗೆ ಹೋಗಬೇಕೇ? ಭೋಜನದ ಭಾನುವಾರ ಹತ್ತಿರ ಬಂದಾಗ ಓವನ್ ಕೆಟ್ಟಿದೆ ಎಂದು ಸುಳ್ಳು ಹೇಳಿದಳು. ಅಂಗಡಿಯ ಪೊಟ್ಟಣದ ಬ್ರೆಡ್ಡು ಬಂತು. ಮುಂದಿನ ತಿಂಗಳೂ ಅದೇ ಬಂತು. ಭಾನುವಾರ ತಾನು ಕಲಿಸುತ್ತಿದ್ದ ಮಕ್ಕಳ ತರಗತಿಯಲ್ಲಿ ಶತ್ರುವನ್ನು ಪ್ರೀತಿಸಬೇಕೆಂಬ ಪಾಠ ಬಂದಾಗ ಅದನ್ನು ದಾಟಿಸಿ, ನೋಹನ ನಾವೆಯ ಚಿತ್ರ ಬಿಡಿಸಿರಿ ಎಂದು ಕೂರಿಸಿದಳು.

ಅವನ ಕಡೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಓಡುತ್ತಿತ್ತು. ಹಾಗೆ ನೋಡುವಾಗಲೇ ಒಂದು ಸಂಗತಿ ಗಮನಕ್ಕೆ ಬಂತು. ಭೋಜನದ ಹಾಡು ಶುರುವಾದ ಕೂಡಲೇ ಅವನು ಎದ್ದು ಹೊರಗೆ ಹೋಗುತ್ತಿದ್ದ. ಕಿಟಕಿಯಾಚೆ, ಸೈಕಲ್ ನಿಲ್ಲಿಸುವ ಶೆಡ್ಡಿನ ಪಕ್ಕ ತಲೆ ತಗ್ಗಿಸಿ ನಿಂತಿರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಪ್ಪು ಮಾಡಿದವನಿಗೆ ಕರ್ತನ ಭೋಜನವೆಂದರೆ ಭಯ ಎಂದುಕೊಂಡು ಸ್ವಲ್ಪ ಸಮಾಧಾನಪಟ್ಟಳು. ಆದರೂ ಮನಸ್ಸು ತಡೆಯದೆ ಪಾಸ್ಟರರನ್ನು ಕೇಳಿದಳು. ಅವರು ಹಿಂದೆಮುಂದೆ ನೋಡಿ, ಕಡೆಗೆ ಹೇಳಿದರು. ಭಯವೇನಲ್ಲವಂತೆ. ತಾನು ರೊಟ್ಟಿಗೆ ಕೈ ಚಾಚಿದರೆ ಆ ಅಕ್ಕ ತಿನ್ನದೆ ಎದ್ದು ಹೋಗಬೇಕಾಗುತ್ತದೆ, ತಮ್ಮನನ್ನು ಕಳೆದುಕೊಂಡವರು ಊಟವನ್ನೂ ಯಾಕೆ ಕಳೆದುಕೊಳ್ಳಬೇಕು ಎಂದಿದ್ದನಂತೆ.

ಬ್ರೆಡ್ಡಕ್ಕನಿಗೆ ಮೊದಲು ಬಂದದ್ದು ಸಿಟ್ಟೇ. ಇವನ ದೊಡ್ಡತನ ಯಾರಿಗೆ ಬೇಕಿತ್ತು? ಅವನು ಕೆಟ್ಟವನಾಗಿಯೇ ಇದ್ದಿದ್ದರೆ ತನ್ನ ಪಾಡು ಎಷ್ಟೋ ಸುಲಭವಿತ್ತು. ಆ ವಾರವಿಡೀ ಹಿಟ್ಟು ನಾದುತ್ತ ಯೇಸುವಿನ ಜೊತೆ ವಾದ ಮಾಡಿದಳು. ಹಿಂಬಾಲಿಸುತ್ತೇನೆ ಎಂದು ಹೇಳಿದ್ದು ನಿಜ, ಆದರೆ ಇಂಥ ಓಣಿಗೆ ತಿರುಗುತ್ತೀಯೆಂದು ಯಾರು ಕಂಡಿದ್ದರು ಎಂದು ಕೇಳಿದಳು. ಆದರೆ ಶೆಡ್ಡಿನ ಪಕ್ಕ ನಿಂತ ಆ ತಗ್ಗಿದ ತಲೆ ಮಾತ್ರ ಕಣ್ಣಿಂದ ಸರಿಯಲಿಲ್ಲ.

ಮುಂದಿನ ಭೋಜನದ ಭಾನುವಾರ ಅವಳು ರೊಟ್ಟಿ ತಂದಳು. ಹಾಡು ಶುರುವಾಯಿತು, ಅವನು ಎದ್ದ. ಅವಳೂ ಎದ್ದಳು. ಹಾಡುತ್ತಿದ್ದವರ ದನಿ ಒಂದು ಕ್ಷಣ ತಗ್ಗಿತು. ಹೊರಗೆ ಅವಳನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಒಂದು ಮಾತು ಕೇಳಬೇಕು," ಎಂದಳು. "ಅವತ್ತು ನೀವು ಅವನ ಹತ್ತಿರಾನೇ ಇದ್ರಾ?"

"ಇದ್ದೆ ಅಮ್ಮ. ಆಂಬುಲೆನ್ಸ್ ಬರೋವರೆಗೂ ಅವರ ತಲೆ ನನ್ನ ತೊಡೆ ಮೇಲಿತ್ತು."

"ಏನಾದ್ರೂ ಹೇಳಿದ್ನಾ?"

"ಚಪ್ಪಲಿ ಎಲ್ಲಿ ಅಂತ ಕೇಳಿದ್ರು. ಒಂದು ಸಿಕ್ತು, ಇನ್ನೊಂದು ಎಷ್ಟು ಹುಡುಕಿದ್ರೂ ಕಾಣಲಿಲ್ಲ. 'ಅಕ್ಕ ಬೈತಾಳೆ' ಅಂದ್ರು. ಅಂದು ಸ್ವಲ್ಪ ನಕ್ಕರು. ಆಮೇಲೆ ಮಾತಾಡಲಿಲ್ಲ."

ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತಳು. ತಮ್ಮ ಹುಟ್ಟಿದಾಗಿನಿಂದ ಕೊಡೆ, ಪೆನ್ನು, ಟೋಪಿ, ಚಪ್ಪಲಿ ಎಲ್ಲವನ್ನೂ ಕಳೆದುಕೊಂಡು ಬರುತ್ತಿದ್ದವನು, ತಾನು ಬೈಯುತ್ತಿದ್ದದ್ದೂ ನಿಜ. ಅಳು ಬಂತು. ಅಳುವಿನ ನಡುವೆಯೇ ನಗುವೂ ಬಂತು. ಚಾಲಕ ಹತ್ತಿರ ಬರಲೂ ಆಗದೆ ದೂರ ಹೋಗಲೂ ಆಗದೆ ನಿಂತಿದ್ದ, ಅವನ ಗಲ್ಲವೂ ಒದ್ದೆಯಾಗಿತ್ತು. ಇಷ್ಟು ದಿನ ತಮ್ಮ ಒಂಟಿಯಾಗಿ ಸತ್ತ ಎಂದು ಅವಳು ನಂಬಿದ್ದಳು. ಆ ಕೊನೆಯ ಹೊತ್ತಿನಲ್ಲಿ ಅವನ ತಲೆ ಹಿಡಿದುಕೊಂಡವನೊಬ್ಬನಿದ್ದ, ಅವನು ಇವನೇ.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಕ್ಷಮಿಸಿದೀನಿ ಅಂತ ಹೇಳೋಕೆ ಇವತ್ತು ಬಾಯಿ ಬರ್ತಿಲ್ಲ. ನಾಳೆ ನಿಮ್ಮನ್ನ ನೋಡಿದ್ರೆ ಮತ್ತೆ ಸಿಟ್ಟೂ ಬರಬಹುದು. ಆದ್ರೆ ಈ ಊಟಕ್ಕೆ ಕರೆದಿದ್ದು ನಾನಲ್ಲ. ನಿಮ್ಮನ್ನ ಹೊರಗೆ ನಿಲ್ಲಿಸಿ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ. ಬನ್ನಿ ಒಳಗೆ."

ಒಳಗೆ ಹಾಡು ಮುಗಿದಿತ್ತು, ಪಾಸ್ಟರ್ ರೊಟ್ಟಿ ಮುರಿಯದೆ ಕಾಯುತ್ತಿದ್ದರು. ಅವಳು ತನ್ನ ಜಾಗಕ್ಕೆ ಹೋದಳು, ಅವನು ತನ್ನ ಜಾಗಕ್ಕೆ. ಇಬ್ಬರೂ ತಿಂದರು.

ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು. ತಾಯಿ ಮಾತು ಬಿಟ್ಟಳು. ಹಲವು ದಿನ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತ ಕುಳಿತಾಗ ಬ್ರೆಡ್ಡಕ್ಕ ತಾನಾಗಿಯೇ, ಅವನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ತಾಯಿ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ನಕ್ಕನಂತಾ?"

"ನಕ್ಕನಂತೆ ಅಮ್ಮ."

ತಾಯಿ ಉಳಿದ ಬಟ್ಟೆಯ ರಾಶಿಯನ್ನೆಲ್ಲ ಮಡಿಸಿಟ್ಟಳು. ಆಮೇಲೆ, ಎಲ್ಲೋ ನೋಡುತ್ತ, "ಅವನಿಗೆ ತಾಯಿ ಇದ್ದಾಳಾ?" ಎಂದು ಕೇಳಿದಳು.

"ಇದ್ದಾರಂತೆ. ಜೈಲಿಂದ ಬಂದ ಮೇಲೆ ಮನೆಗೆ ಸೇರಿಸಿಲ್ವಂತೆ."

"ಅಯ್ಯೋ, ಎಂಥ ಹೆಂಗಸು," ಎಂದಳು ತಾಯಿ. ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದವಳ ಹಾಗೆ ಎದ್ದು, ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.